ಕಪಾಟಿನೊಳಗಿನ ಇಂಗ್ಲಿಷು

ಟೇಪ್ ರೆಕಾರ್ಡರ್ ಒಮ್ಮೆ ಕಿರ್ರೆಂದು ಕಿರುಚಿ ನಿಂತುಬಿಟ್ಟಿತು. ಏಳನೆಯ ತರಗತಿಯ ರಾಜಶ್ರೀ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ಸರಕ್ಕನೆ ಹಿಂದೆಳೆದುಕೊಂಡಳು.

"ಕೆಡಿಸಿದೆಲ್ಲ, ಖೋಡಿ" ಎನ್ನುತ್ತ ಹೆಡ್ ಮಾಸ್ತರ ಚನ್ನಬಸಯ್ಯ ಕುರ್ಚಿ ಬಿಟ್ಟೆದ್ದರು. "ಕುರಿ ಕಾಯೋ ಸೋಮನಿಂಗನ ಮಗಳ ಕೈಯಾಗ ಮಸೀನ ಕೊಟ್ರ ಮತ್ತೇನ ಆಗತೈತ್ರಿ, ಸಾಹೇಬ್ರ?"

ತಾಲ್ಲೂಕಿನಿಂದ ತಪಾಸಣೆಗೆ ಬಂದಿದ್ದ ಸಾಹೇಬರು ತಿಂಗಳ ವರದಿಯ ಹಾಳೆ ತಿರುವಿದರು. ಮಕ್ಕಳೇ ಎದ್ದು ಬಂದು ಪಾಠ ಹಚ್ಚಲಿ ಎಂದವರು ಅವರೇ. ನಲವತ್ತು ಮಕ್ಕಳಲ್ಲಿ ಎದ್ದವಳು ಇವಳೊಬ್ಬಳೇ.

ಸುನಂದಾ ಟೀಚರು ಗೋಡೆಗೆ ಒರಗಿ ನಿಂತಿದ್ದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಂಥ ತಪಾಸಣೆ ಎಷ್ಟು ಕಂಡಿದ್ದರೋ. ಗೊಳಸಂಗಿಯ ಆಚೆಗಿನ ಈ ಶಾಲೆಗೆ ಟೇಪ್ ರೆಕಾರ್ಡರು, ಹನ್ನೆರಡು ಕ್ಯಾಸೆಟ್ಟು ಬಂದು ಎರಡು ವರ್ಷವಾಗಿತ್ತು. ಮಕ್ಕಳು ತಾವೇ ಹಚ್ಚಿ, ತಿಳಿಯುವತನಕ ಕೇಳಿ ಇಂಗ್ಲಿಷ್ ಕಲಿಯಲಿ ಎಂದು ಜೊತೆಗಿದ್ದ ಹಾಳೆಯಲ್ಲಿ ಅಚ್ಚಾಗಿತ್ತು. ಹತ್ತು ದಿನದ ತರಬೇತಿಯಲ್ಲಿ ಸುನಂದಾಗೆ ಬಂದ ಇಂಗ್ಲಿಷು ಪುಸ್ತಕ ನೋಡಿ ಓದುವಷ್ಟು ಮಾತ್ರ. ಹಾಗಾಗಿ ಈ ಮಕ್ಕಳ ಪಾಲಿನ ಇಂಗ್ಲಿಷೆಲ್ಲ ಆ ಡಬ್ಬಿಯೊಳಗೇ ಇತ್ತು.

ಡಬ್ಬಿ ಕಪಾಟಿನೊಳಗಿತ್ತು. ಗುರುವಾರ ಅರ್ಧ ತಾಸು ಹೊರಬರುವುದು. ಹೊರಬಂದ ಕೂಡಲೇ ಚನ್ನಬಸಯ್ಯನವರು ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗುವರು. ಖಂಡೇನವಮಿಯ ಆಯುಧಪೂಜೆಗೆ ಹಾರೆ ಕುಡುಗೋಲಿನ ಸಾಲಿನಲ್ಲಿ ಅದಕ್ಕೂ ಹೂವೇರುತ್ತಿತ್ತು. ಬಡವರ ಮಕ್ಕಳಿಗೆಂದು ಬಂದದ್ದನ್ನು ದೇವರು ಮಾಡಿಬಿಟ್ಟರೆ ಕೀಲಿ ಹಾಕುವುದು ಸಲೀಸು. ಗುಂಡಿ ಒತ್ತುವವರು ಸುನಂದಾ. "ಅಕ್ಕೋರ, ಇನ್ನೊಮ್ಮೆ ಹಿಂದಕ ಹಾಕ್ರಿ, ತಿಳೀಲಿಲ್ಲ" ಎಂದು ರಾಜಶ್ರೀ ಪ್ರತಿ ಸಲ ಕೇಳುವಳು. ಅಷ್ಟರಲ್ಲಿ ಅರ್ಧ ತಾಸು ಮುಗಿದಿರುತ್ತಿತ್ತು.

ಸಾಹೇಬರು ಬೇಸರದಿಂದ ಪೆನ್ನು ಚಾಚಿದರು. "ವಿದ್ಯಾರ್ಥಿನಿ ಕೈಯಿಂದ ಕೆಟ್ಟಿತು ಅಂತ ಬರದ ಸಹಿ ಮಾಡ್ರಿ ಬಾಯಾರ. ಇನ್ನ ಮ್ಯಾಲ ಮಕ್ಕಳ ಕೈಗೆ ಕೊಡೂದು ಬ್ಯಾಡ."

ಸುನಂದಾ ಪೆನ್ನು ತಗೊಂಡರು. ಕೈ ತಾನಾಗಿ ಸಹಿಯ ಜಾಗಕ್ಕೆ ಹೋಯಿತು.

ಅಷ್ಟರಲ್ಲಿ ರಾಜಶ್ರೀ ಕ್ಯಾಸೆಟ್ಟಿನ ಬಾಗಿಲು ತೆಗೆದು ಒಳಗೆ ಬೆರಳಾಡಿಸಿದಳು. ಬೆರಳ ತುದಿ ವಿಭೂತಿ ಕುಂಕುಮ ಮೆತ್ತಿ ಬೂದುಗೆಂಪಾಗಿ ಹೊರಬಂತು. "ಅಕ್ಕೋರ, ಒಳಗ ಈಬತ್ತಿ ಕುಂತೈತ್ರಿ."

"ಈಬತ್ತಿಗೆ ಹೆಸರ ಇಡ್ತಿ, ತಪ್ಪ ತಗೀತಿ ಏನಲೇ?" ಚನ್ನಬಸಯ್ಯ ಕೈಯೆತ್ತಿದರು.

"ಹೆಸರ ಇಡಾಕತ್ತಿಲ್ರಿ ಸರ" ಸುನಂದಾ ನಡುವೆ ಬಂದರು. "ಐತಿ ಅಂತ ಹೇಳಾಕತ್ತಾಳ."

ಹಾಗೆಂದವರು ಮೇಜಿನ ಮೇಲಿದ್ದ ವರದಿಗೆ ಬಗ್ಗಿದರು. 'ಮಕ್ಕಳು ಸಾಧನವನ್ನು ಸ್ವತಂತ್ರವಾಗಿ ಬಳಸುತ್ತಾರೆಯೇ?' ಎಂಬ ಸಾಲಿನ ಮುಂದೆ ಪ್ರತಿ ತಿಂಗಳು 'ಹೌದು' ಎಂದು ಬರೆಯುತ್ತಿದ್ದರು. ಈ ಸಲ ಬರೆದರು: 'ಇಲ್ಲ. ಎರಡು ವರ್ಷದಿಂದ ಮುಟ್ಟಲು ಬಿಟ್ಟಿಲ್ಲ. ಪೂಜೆಯ ವಿಭೂತಿ ಒಳಹೊಕ್ಕು ಕೆಟ್ಟಿದೆ.'

ಸಾಹೇಬರು ಓದಿ ಕನ್ನಡಕ ತೆಗೆದರು. "ಹಿಂದಿನ ಹೌದು ಎಲ್ಲಾ ನಿಮ್ಮ ಸಹೀಲೇ ಅದಾವ. ನೋಟೀಸು ನಿಮಗೇ ಬರತೈತಿ."

"ಬರಲಿ ಬಿಡ್ರಿ. ಬರದಾಕಿ ನಾನಽ."

"ಶಾಣ್ಯಾ ಆಗ್ಯಾರ ನಮ್ಮ ಬಾಯಾರು" ಎಂದು ಚನ್ನಬಸಯ್ಯ ನಕ್ಕರು. ಅವರೂ ಸಾಹೇಬರೂ ಚಹಾಕ್ಕೆಂದು ಹೊರಟುಹೋದರು.

ರಾಜಶ್ರೀ ಕಸಬರಿಗೆಯ ಕಡ್ಡಿಗೆ ಅರಳೆ ಸುತ್ತಿ ಒಳಗಿನ ಬೂದಿಯನ್ನು ಎಳೆಎಳೆಯಾಗಿ ತೆಗೆದಳು. ಗುಂಡಿ ಒತ್ತಿದ ಮೂರನೆಯ ಸಲಕ್ಕೆ ಡಬ್ಬಿಯೊಳಗಿಂದ ಹೆಂಗಸೊಬ್ಬಳ ದನಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ಮಕ್ಕಳೆಲ್ಲ ರೂಢಿಯಂತೆ ಟೀಚರ ಬಾಯಿ ನೋಡಿದರು. ಸುನಂದಾಗೂ ತಿಳಿದಿರಲಿಲ್ಲ.

ಸುನಂದಾ ದಿನಾಲು ಮನೆಗೆ ಮರಳುವ ಬಾಗೇವಾಡಿಯ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಅವರು ಚೀಲಕ್ಕೆ ಕೈ ಹಾಕಲಿಲ್ಲ. ಕೊನೆಯ ಸಾಲಿಗೆ ನಡೆದು, ಸೀರೆ ಒತ್ತರಿಸಿಕೊಂಡು ಮಕ್ಕಳ ನಡುವೆ ನೆಲದ ಮೇಲೆ ಕೂತರು.

ರಾಜಶ್ರೀ ಯಾರನ್ನೂ ಕೇಳದೆ ಟೇಪನ್ನು ಹಿಂದಕ್ಕೆ ಸುತ್ತತೊಡಗಿದಳು.