ಮಾರ್ತಾಂಡರ ಬೆರಳುಗಳು

ನಿಗಡಿ ಬಡಾವಣೆಯಲ್ಲಿ ಬಹಳ ವರ್ಷ ಟೈಪಿಂಗ್ ಕ್ಲಾಸು ನಡೆಸಿದ್ದ ಮಾರ್ತಾಂಡ ಕುಲಕರ್ಣಿಯವರಿಗೆ ಎಪ್ಪತ್ತು ದಾಟಿದ ಮೇಲೂ ತಮ್ಮ ಬೆರಳುಗಳ ಬಗ್ಗೆ ಗರ್ವವಿತ್ತು. ಅದೇ ಊರಿನ ವಿಮಾನ ನಗರದ ನಿದ್ರಾ ಸಂಶೋಧನಾ ಕೇಂದ್ರವೊಂದು ವಯಸ್ಸಾದವರನ್ನು ಕರೆದಾಗ ಖುಷಿಯಿಂದಲೇ ಹೋದರು. ಸಂಜೆ ಕೀಬೋರ್ಡಿನ ಮೇಲೆ ಗೊತ್ತಾದ ಕ್ರಮದಲ್ಲಿ ಕೀಲಿ ಒತ್ತುವ ಹೊಸದೊಂದು ಬೆರಳಾಟ ಕಲಿತು, ತಲೆಗೂ ಕೈಗೂ ನಿದ್ದೆ ಅಳೆಯುವ ತಂತಿ ಹಚ್ಚಿಸಿಕೊಂಡು ಅಲ್ಲೇ ಮಲಗಿ, ಬೆಳಿಗ್ಗೆ ಅದನ್ನೇ ಮತ್ತೆ ಒತ್ತಿ ತೋರಿಸಬೇಕಿತ್ತು.

"ಹುಡುಗ್ರು ಮಲಗಿ ಎದ್ರ ಕೈ ಇನ್ನಷ್ಟು ಚುರುಕಾಗಿರ್ತದ್ರಿ ಕಾಕಾ," ಎಂದಿದ್ದಳು ಬೆಳಗಾವಿ ಕಡೆಯ ಸಂಶೋಧಕಿ ಮಂಜರಿ. "ಕಲಿತದ್ದನ್ನ ನಿದ್ದಿ ಗಟ್ಟಿ ಮಾಡ್ತದ. ವಯಸ್ಸಾದಂಗ ಗಾಢ ನಿದ್ದಿ ಕಡಿಮಿ ಆಗ್ತದಲ್ರಿ, ಆವಾಗ ಏನಾಗ್ತದ ಅಂತ ನೋಡೂದದ."

ಬೆಳಿಗ್ಗೆ ಅವರ ಬೆರಳುಗಳು ತಪ್ಪಿಲ್ಲದೆ ಓಡಿದವು. ಮನೆಗೆ ಬಂದು ಹೆಂಡತಿ ಭಾಮಾಗೆ, "ಹುಡುಗರನ್ನ ಹಿಂದ ಹಾಕಿದೆ ನೋಡು," ಎಂದರು. ಭಾಮಾ ಅದನ್ನು ವಸತಿ ಸೊಸೈಟಿಯ ತುಂಬ ಹೇಳಿಕೊಂಡು ಬಂದರು.

ಮರುದಿನ ಮಂಜರಿ ಕರೆಸಿದಳು. "ಕಾಕಾ, ನೀವು ಮಲಗೇ ಇಲ್ಲಲ್ರಿ? ಕೈ ಆಡಿಸಿದ್ದೂ ತಂತಿ ದಾಖಲೆಯೊಳಗ ಬಂದದ."

ಮಾರ್ತಾಂಡರ ಮುಖಕ್ಕೆ ರಕ್ತ ನುಗ್ಗಿತು. ಮರೆತೀತೆಂಬ ಹೆದರಿಕೆಗೆ ಅವರು ಹೊದಿಕೆಯೊಳಗೆ ಬೆಳಗಿನ ತನಕ ಬೆರಳಾಡಿಸಿದ್ದರು.

"ಬೆರಳು ಕಲಿಸಿ ಹೊಟ್ಟಿ ಹೊರದಾಂವ ನಾ. ಕೈ ಹಿಂದ ಬಿತ್ತು ಅಂದ್ರ..."

"ಸುಧಾರಿಸಲಿಲ್ಲ ಅಂದ್ರ ಅದೂ ನಮಗ ಬೇಕಾದ ಉತ್ತರನ ರೀ. ಈಗ ನಿಮ್ಮ ಫಲಿತಾಂಶಾನ ಲೆಕ್ಕದಿಂದ ತೆಗೆದುಹಾಕಬೇಕಾಗ್ತದ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಕ್ಲಾಸಿನಲ್ಲಿ ಕದ್ದು ಕೀಲಿ ನೋಡಿದವರನ್ನು ಎಲ್ಲರೆದುರು ಎದ್ದು ನಿಲ್ಲಿಸುತ್ತಿದ್ದ ಮನುಷ್ಯ ಈಗ ನೆಲ ನೋಡುತ್ತ ಕುಳಿತಿದ್ದರು.

"ಬ್ಯಾರೆ ಆಟ ಕೊಡವಾ. ಈ ಸಲ ಮಲಗತೇನಿ."

ಮುಂದಿನ ವಾರ ನಿಜವಾಗಿಯೂ ಮಲಗಿದರು. ಎಂದಿನಂತೆ ಆಗಾಗ ಎಚ್ಚರವಾಗುವ ತೆಳು ನಿದ್ದೆ. ಬೆಳಿಗ್ಗೆ ಬೆರಳುಗಳು ಎಡವಿದವು. ಸಂಜೆ ಇದ್ದ ವೇಗವೂ ಉಳಿದಿರಲಿಲ್ಲ. "ಭಾಳ ಉಪಕಾರ ಆತ್ರಿ," ಎಂದಳು ಮಂಜರಿ. ಅವರು ತಲೆಯೆತ್ತದೆ ಚಪ್ಪಲಿ ಮೆಟ್ಟಿಕೊಂಡರು.

ಮನೆಯಲ್ಲಿ ನೆರೆಮನೆಯ ಕಾಶಪ್ಪ ಚಹಾ ಕುಡಿಯುತ್ತಿದ್ದರು. "ಬರ್ರಿ ಮಾಸ್ತರ! ಈ ಸಲಾನೂ ಹುಡುಗರನ್ನ ಸೋಲಿಸಿದ್ರೇನು?"

"ಇಲ್ರಿ. ಹ್ವಾದ ಸಲ ನಾ ಮೋಸ ಮಾಡಿದ್ದೆ. ಮಲಗಿದ್ದಿಲ್ಲ. ಇವತ್ತ ಮಲಗಿ ಎದ್ದೆ, ಎಲ್ಲಾ ತಪ್ಪಿತು."

ಕಾಶಪ್ಪ ಕಪ್ಪಿನೊಳಗೆ ನೋಡಿದರು. ಆಮೇಲೆ ಏನೋ ಕೆಲಸದ ನೆಪ ಹೇಳಿ ಎದ್ದು ಹೋದರು.

"ನನಗರೆ ಖರೇ ಹೇಳಬೇಕಿತ್ತು. ಊರ ಮಂದಿಗೆಲ್ಲಾ ಹೇಳಿ ಬಂದೇನಿ," ಎಂದರು ಭಾಮಾ.

ಮಾರ್ತಾಂಡರು ಕಿಟಕಿಯ ಕಡೆ ಮುಖ ಮಾಡಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸದೆ ಕುಳಿತರು.