ಮರಿಯ ಕಿವಿಯ ಆಂಟೆನಾ

ನಿಪ್ಪಾಣಿಯ ಮಯೂರಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಕುರಿಮರಿಗಳ ಕಿವಿಗೆ ಹಾಕುವ ಗುರುತಿನ ಟ್ಯಾಗ್ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅದಕ್ಕೆ ಬ್ಯಾಟರಿ ಇಲ್ಲ. ಕೈಯಲ್ಲಿನ ರೀಡರ್ ಹೊಮ್ಮಿಸುವ ರೇಡಿಯೊ ಅಲೆಯಿಂದಲೇ ಎಚ್ಚೆತ್ತು ತನ್ನ ನಂಬರು ಹೇಳಬೇಕು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಯನ್ನು ಸುತ್ತಿ ಬಳಸಿ, ಕಿವಿಯಂತೆ ಬಾಗುವ ಆಂಟೆನಾವನ್ನು ಅವಳು ಹೆಬ್ಬೆರಳಿನಷ್ಟಕ್ಕೆ ಇಳಿಸಿದ್ದಳು. ಆದರೆ ಕಿವಿಗೆ ಹಾಕಿದರೆ ಮೈಯ ತೇವವೇ ಅಲೆಯನ್ನು ನುಂಗಿಬಿಡುತ್ತಿತ್ತು. ಗೇಣುದೂರದಾಚೆ ಟ್ಯಾಗು ಮೂಕ.

ಹೊಸ ಮಾದರಿಯನ್ನು ಕಬ್ಬೂರಿನಲ್ಲಿ ಕುರಿ ಸಾಕುವ ಮುದುಕಿ ಲಗಮವ್ವನ ಮರಿಗಳಿಗೆ ಹಾಕಿ ಬಂದಳು. ವಾರ ಬಿಟ್ಟು ಹೋದರೆ, ದೊಡ್ಡಿಯ ಬಾಗಿಲಲ್ಲೇ ರೀಡರ್ ಕೂಗಿತು. ಏಳನೇ ನಂಬರು! ಹತ್ತಿರದಲ್ಲಿ ಒಂದು ಮರಿಯೂ ಇರಲಿಲ್ಲ. ಮಯೂರಿ ಅಲ್ಲೇ ನಿಂತು ಸಹೋದ್ಯೋಗಿ ಸುಧೀರನಿಗೆ ಫೋನ್ ಹಚ್ಚಿದಳು.

"ಸರ್, ಇಷ್ಟ್ ದೂರದಿಂದ ಓದಾಕತ್ತೈತ್ರಿ! ನಮ್ಮ ಆಂಟೆನಾ ಗೆದ್ದೈತಿ!"

ಆಮೇಲೆ ಲಗಮವ್ವನನ್ನು ಕೇಳಿದಳು, "ಆಯಿ, ಏಳನೇ ಮರಿ ಯಾವ್ದು?"

ಮುದುಕಿ ಬೇಲಿಯ ಕಡೆ ಕೈ ತೋರಿಸಿದಳು. ಅಲ್ಲಿ ಹರವಿದ ಒಣ ಕಂಬಳಿಯ ಅಂಚಿಗೆ ಟ್ಯಾಗು ಕಟ್ಟಿತ್ತು. ಮೈಯ ತೇವ ತಾಗದ್ದಕ್ಕೇ ಅದು ಅಷ್ಟು ದೂರ ಕೇಳಿತ್ತು.

"ಮರಿ ಎಲ್ಲೈತ್ರಿ?"

"ಒಳಗೈತಿ. ನೀವ್ ನೋಡಬ್ಯಾಡ್ರಿ ಬಾಯಾರ."

ಮಯೂರಿ ಒಳಗೆ ಹೋದಳು. ಮರಿ ಹುಲ್ಲಿನ ಮೇಲೆ ಮಲಗಿತ್ತು. ಎಡಗಿವಿ ನಡುವಿನಿಂದ ತುದಿಯವರೆಗೆ ಸೀಳಿ ಎರಡಾಗಿತ್ತು. ಬಾತ ಗಾಯಕ್ಕೆ ಅರಿಷಿಣ ಮೆತ್ತಿದ್ದರೂ ನೊಣ ಮುತ್ತಿದ್ದವು. ಕಿವಿ ಅಲುಗಿದಾಗಲೆಲ್ಲ ಹಾಳೆಯ ಅಂಚು ಬ್ಲೇಡಿನಂತೆ ಕೊಯ್ದಿತ್ತು. ತಾಮ್ರ ಮುರಿಯುತ್ತದೋ ಎಂದು ಸಾವಿರ ಸಲ ಬಗ್ಗಿಸಿ ನೋಡಿದ್ದವಳು, ಆ ಅಂಚನ್ನು ಒಮ್ಮೆಯೂ ತನ್ನ ಚರ್ಮಕ್ಕೆ ತಾಗಿಸಿ ನೋಡಿರಲಿಲ್ಲ.

"ಹಲೋ, ಮಯೂರಿ? ಫೋಟೊ ಕಳಸ್ರಿ," ಎಂದು ಇನ್ನೂ ಕಡಿಯದ ಫೋನಿನಲ್ಲಿ ಸುಧೀರ ಹೇಳುತ್ತಿದ್ದ. ಫೋನ್ ಇಟ್ಟಳು.

"ನನಗ್ಯಾಕ್ ಹೇಳಲಿಲ್ಲ ಆಯಿ?"

"ಅಷ್ಟ್ ಖುಷೀಲೆ ಹಾಕಿ ಹೋಗಿದ್ರಿ. ಹೆಂಗ್ ಹೇಳ್ಲಿ?"

ಮಯೂರಿ ಉಳಿದ ಟ್ಯಾಗುಗಳನ್ನೆಲ್ಲ ಬಿಚ್ಚಿದಳು. ಇನ್ನೆರಡು ಕಿವಿಗಳಲ್ಲೂ ರಕ್ತ ಒಸರುತ್ತಿತ್ತು. ಚಿಕ್ಕೋಡಿಯಿಂದ ದನದ ಡಾಕ್ಟರನ್ನು ಕರೆಸಿದಳು. ಮರಿ ಬದುಕಿತು, ಕಿವಿ ಮಾತ್ರ ಕೂಡಲಿಲ್ಲ.

ಕೆಲವು ತಿಂಗಳ ಮೇಲೆ, ಉಣ್ಣೆಯ ಕೊರಳಪಟ್ಟಿಗೆ ಬೆಳ್ಳಿ ಲೇಪದ ದಾರದಿಂದ ಆಂಟೆನಾ ಹೊಲಿದು ತಂದಳು. ಮೈಗೆ ತಾಗಿದರೂ ಅದು ಮಾರುದೂರದಿಂದ ರೀಡರಿಗೆ ಕೇಳುತ್ತಿತ್ತು. ಲಗಮವ್ವ ಅದನ್ನು ಕೆನ್ನೆಗೆ ಉಜ್ಜಿ ನೋಡಿ, ಮಣಿಕಟ್ಟಿಗೆ ಸುತ್ತಿಕೊಂಡಳು.

"ಮದಲ ನನ್ನ ಕೈಯಾಗ ಇರ್ಲಿ. ನಾಳೆ ಬರ್ರಿ, ಹೇಳ್ತೇನಿ."

ಮಯೂರಿ ಇನ್ನೊಂದು ಪಟ್ಟಿಯನ್ನು ತನ್ನ ಕೊರಳಿಗೇ ಕಟ್ಟಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದಳು.