ಮುಟ್ಟುವ ಮೊದಲು ಹೆಸರು

ಹನ್ನೆರಡನೇ ಕೋಣೆಯ ಬಾಗಿಲ ಮೇಲಿನ ದೀಪ ಅಂದೂ ಹೊತ್ತಿಕೊಂಡಿತ್ತು. ಒಳಗೆ ಮಲಗಿದವರು ಯಾರೂ ಇರಲಿಲ್ಲ, ಗುಂಡಿ ಒತ್ತಿ ಸಹಾಯಕಿಯನ್ನು ಕರೆಯುವವರೂ ಇರಲಿಲ್ಲ. ಆದರೂ ಬೆಳಗಿನ ಸ್ನಾನದ ಹೊತ್ತಿಗೆ ಆ ದೀಪ ಆಗಾಗ ತನ್ನಷ್ಟಕ್ಕೆ ತಾನೇ ಹತ್ತುತ್ತಿತ್ತು. ರೀನಾ ಕಾಂಗಾಸ್ ಟವೆಲುಗಳನ್ನು ಗಾಡಿಯ ಮೇಲಿಟ್ಟು, ಬಾಗಿಲು ತಟ್ಟಿ ಒಳಗೆ ಹೋದಳು.

“ಮಿಸೆಸ್ ಟಾಲೆಫ್ಸನ್, ನಾನು ರೀನಾ. ದೀಪ ಆರಿಸೋಕೆ ಬಂದಿದೀನಿ.”

ಗೋಡೆಗೆ ಒರಗಿಸಿದ್ದ ಹಳೆಯ ಗಾಲಿಕುರ್ಚಿಗಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮುದುಕಿ ಸತ್ತು ವರ್ಷ ದಾಟಿತ್ತು. ಆಮೇಲೆ ಆ ಕೋಣೆಗೆ ಬಂದವರು ಇಬ್ಬರು. ಇಬ್ಬರೂ ಕಾರಣ ಹೇಳದೆ ಬೇರೆ ಕೋಣೆ ಕೇಳಿ ಪಡೆದರು. ಎಲೆಕ್ಟ್ರಿಷಿಯನ್ ಬಂದು ತಂತಿ ಬದಲಾಯಿಸಿದ, ದೀಪ ತನ್ನ ಚಾಳಿ ಬದಲಾಯಿಸಲಿಲ್ಲ. ಕೊನೆಗೆ ಆಡಳಿತದವರು ಅದನ್ನು ಸಾಮಾನಿನ ಕೋಣೆ ಮಾಡಿ ಕೈತೊಳೆದುಕೊಂಡರು.

ಹೊರಗೆ ಬೆವ್ ಕಾಯುತ್ತಿದ್ದಳು. ವೃದ್ಧರ ಆ ಆರೈಕೆ ಮನೆಯಲ್ಲಿ ರೀನಾಳಂಥ ಸಹಾಯಕಿಯರ ಪೈಕಿ ಅವಳೇ ಹಿರಿಯಳು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

“ಅವತ್ತೇ ಕಿಟಕಿ ತೆಗೀಬೇಕಿತ್ತು ಕಣೆ,” ಎಂದಳು ಬೆವ್. “ಯಾರಾದ್ರೂ ಹೋದ ತಕ್ಷಣ ಆತ್ಮ ಹೊರಗೆ ಹೋಗ್ಲಿ ಅಂತ ಕಿಟಕಿ ತೆಗೀದೆ ಬಿಟ್ಟವಳಲ್ಲ ನಾನು. ಆದ್ರೆ ಆ ಜನವರಿ ಚಳಿಗೆ ಚೌಕಟ್ಟೇ ಹೆಪ್ಪುಗಟ್ಟಿತ್ತು. ಬೆರಳು ಕಿತ್ತು ಬರೋ ಹಾಗೆ ಎಳೆದೆ, ಊಹೂಂ. ದಾರಿ ಸಿಗದೆ ಮುದುಕಿ ಇಲ್ಲೇ ಕೂತಿದಾಳೆ.”

“ಅವಳಿಗೆ ದಾರಿ ಬೇಕಿಲ್ಲ ಬೆವ್. ಬೈಯೋಕೆ ಒಬ್ಬ ವಿದ್ಯಾರ್ಥಿ ಬೇಕು.”

“ಹಾಗಾದ್ರೆ ಸರಿಯಾದವಳನ್ನೇ ಹಿಡ್ಕೊಂಡಿದಾಳೆ ಬಿಡು.”

ರೀನಾ ನಕ್ಕಳು. ಆದರೂ ಅವಳಿಗೆ ಆ ಕೋಣೆಯೆಂದರೆ ಹೆದರಿಕೆಯಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಾಗಿಲು ತಟ್ಟುವುದು, ಹೆಸರು ಹೇಳುವುದು, ಏನು ಮಾಡಲಿದ್ದೇನೆಂದು ತಿಳಿಸುವುದು, ಆಮೇಲೆ ಮುಟ್ಟುವುದು. ಸಹಾಯಕಿಯರಿಗೆ ಮೊದಲ ದಿನ ಕಲಿಸುವ ಪಾಠ ಅದು. ಕಿವಿ ಕೇಳದವರಿಗೂ ಹೇಳಬೇಕು, ಪ್ರಜ್ಞೆಯಿಲ್ಲದವರಿಗೂ ಹೇಳಬೇಕು. ಉಸಿರು ನಿಂತವರ ಮೈ ಒರೆಸುವಾಗಲೂ ರೀನಾ ಹೇಳುತ್ತಿದ್ದಳು. ಅಭ್ಯಾಸ ಎಷ್ಟು ಬೇರುಬಿಟ್ಟಿತ್ತೆಂದರೆ ಗಂಡ ಆರ್ನೆ ಕೆರೆಯಿಂದ ಮೀನು ತಂದಾಗೆಲ್ಲ ಗೇಲಿ ಮಾಡುತ್ತಿದ್ದ: “ಕೊಯ್ಯೋ ಮುಂಚೆ ಅದಕ್ಕೂ ನಿನ್ನ ಹೆಸರು ಹೇಳಿಬಿಡು, ಪಾಪ.”

ಅವಳು ನರ್ಸ್ ಆಗಬೇಕೆಂದು ಹೊರಟು ಬಹಳ ಕಾಲವಾಗಿತ್ತು. ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಇದೆ. ಆದರೆ ಅದರ ಬಾಗಿಲು ತೆರೆಯುವ ಮೊದಲು ರಸಾಯನಶಾಸ್ತ್ರ, ದೇಹರಚನೆಯ ಅನಾಟಮಿ, ಸೂಕ್ಷ್ಮಜೀವಿಶಾಸ್ತ್ರ, ಮನಃಶಾಸ್ತ್ರ ಎಂದು ಸಾಲುಸಾಲು ಪಾಠ ಮುಗಿಸಿರಬೇಕು. ದುಡಿಯುವ ಹೆಂಗಸರೆಲ್ಲ ಮಾಡುವ ತಪ್ಪನ್ನೇ ರೀನಾ ಮಾಡಿದ್ದಳು. ಬೇಗ ಮುಗಿಸಿಬಿಡೋಣವೆಂದು ಎಲ್ಲವನ್ನೂ ಒಂದೇ ಸೆಮಿಸ್ಟರಿಗೆ ತುರುಕಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ. ಅರ್ಧದಲ್ಲಿ ಅನಾಟಮಿ ಬಿಟ್ಟಳು. ಬುದ್ಧಿ ಬಂತೇ? ಇಲ್ಲ. ಮತ್ತೊಂದು ವರ್ಷ ಅದೇ ರೀತಿ ಸೇರಿ, ಅದೇ ರೀತಿ ಬಿಟ್ಟಳು. ಮೂರನೇ ಸಲ ಸೇರಬಹುದು, ಅದೇ ಕೊನೆ. ಆಗಲೂ ಬಿಟ್ಟರೆ ಆ ಕಾಲೇಜಿನಲ್ಲಿ ನರ್ಸಿಂಗ್ ಆಸೆಗೆ ಎಳ್ಳುನೀರು. ಬೇರೆ ಕಾಲೇಜು ಹಿಮದ ರಸ್ತೆಯಲ್ಲಿ ಅರ್ಧ ದಿನದ ದೂರ.

ಆ ಎರಡೂ ಸಲ ಅನಾಟಮಿ ಹೇಳಿಕೊಟ್ಟವಳು ಇದೇ ಮಿಸೆಸ್ ಟಾಲೆಫ್ಸನ್. ಅವಳೆಂದರೆ ಇಡೀ ಕಾಲೇಜು ನಡುಗುತ್ತಿತ್ತು. ನಿವೃತ್ತಳಾಗಿ, ಹೃದಯ ಸೋತು, ಕಾಲು ಊದಿಸಿಕೊಂಡು ಹನ್ನೆರಡನೇ ಕೋಣೆಗೆ ಬಂದಾಗ ಅವಳನ್ನು ಮೀಯಿಸುವ ಪಾಳಿ ರೀನಾಳದಾಯಿತು.

“ನೀನು ಎರಡು ಸಲ ಓಡಿಹೋದವಳು ಅಲ್ವೇನೆ?” ಮೊದಲ ದಿನವೇ ಮುದುಕಿ ಕೇಳಿದಳು.

“ಹೌದು ಮೇಡಂ. ಈಗ ನಿಮ್ಮ ಎಡಗೈ ಎತ್ತುತೀನಿ.”

“ಎತ್ತು. ಏನು ಹಿಡ್ಕೊಂಡಿದೀಯ ಅಂತ ಹೇಳ್ಕೊಂಡು ಎತ್ತು.”

ಅಲ್ಲಿಂದ ಬಚ್ಚಲೇ ಪಾಠಶಾಲೆಯಾಯಿತು. ಒಂದು ಟವೆಲು ಸರಿಸಿ ಒಂದು ಅಂಗ ತೊಳೆದು, ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯುವಾಗ ಮುದುಕಿ ತನ್ನ ಮೂಳೆ, ನರ, ಸ್ನಾಯುಗಳ ಹೆಸರು ಕೇಳುತ್ತಿದ್ದಳು. ಉತ್ತರ ಸರಿಯಿದ್ದರೆ ಸುಮ್ಮನಿರುವಳು. ತಪ್ಪಾದರೆ ರೀನಾಳ ಮಣಿಕಟ್ಟಿನ ಒಳಭಾಗಕ್ಕೆ ಚಿವುಟುವಳು. ಅವಳ ಎಡಗೈಯ ಕಿರುಬೆರಳು ಕೊಂಕಿಕೊಂಡಿತ್ತು. ಹುಡುಗಿಯಾಗಿದ್ದಾಗ ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನಿಗೆಂದು ತೂತು ಕೊರೆಯುವಾಗ ಭೈರಿಗೆಗೆ ಸಿಕ್ಕಿದ್ದಂತೆ. ಆ ಕೊಂಕು ಬೆರಳು ಸೇರಿ ಚಿವುಟಿದರೆ ನೋವು ಬೇರೆಯೇ ಇರುತ್ತಿತ್ತು.

“ನರ ಮಂಕು, ಚಪ್ಪಟೆ. ಸ್ನಾಯುವಿನ ಹುರಿ ಹೊಳೆಯುತ್ತೆ. ಮಣಿಕಟ್ಟಿನಲ್ಲಿ ಎರಡೂ ಅಕ್ಕಪಕ್ಕ. ಗಡಿಬಿಡಿಯವರೆಲ್ಲ ಬೀಳೋದು ಇಲ್ಲೇ. ಹೆಸರು ಹೇಳದೆ ಚಾಕು ಇಡಬೇಡ, ತಿಳೀತಾ?”

“ನಾನೆಲ್ಲಿ ಚಾಕು ಇಡೋದು ಮೇಡಂ, ನನ್ನ ಕೈಲಿರೋದು ಸೋಪು.”

“ಸೋಪು ಇವತ್ತಿಗೆ.”

ಯಾವ ಪಾಠ ಯಾವಾಗ ಎಂದು ಗೊತ್ತುಮಾಡಿದವಳೂ ಮುದುಕಿಯೇ. ಒಂದು ಸೆಮಿಸ್ಟರಿಗೆ ಒಂದೇ ವಿಜ್ಞಾನ. ಮೊದಲು ರಸಾಯನಶಾಸ್ತ್ರ, ಬೇಸಿಗೆಗೆ ಮನಃಶಾಸ್ತ್ರ, ಆಮೇಲೆ ಸೂಕ್ಷ್ಮಜೀವಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಲೆಕ್ಕ. ರೀನಾಳಿಗೆ ಒಪ್ಪಿಗೆಯಾಗದ್ದು ಒಂದೇ, ಅನಾಟಮಿಯನ್ನು ಕೊನೆಗೆ ತಳ್ಳಿದ್ದು.

“ಬರೋ ಸೆಪ್ಟೆಂಬರಿಗೇ ತಗೋತೀನಿ ಮೇಡಂ. ನೀವು ಹೇಳಿಕೊಟ್ಟಿದ್ದು ಬಿಸಿಬಿಸಿಯಾಗಿ ನೆನಪಿರುತ್ತೆ.”

“ಬೇಡ. ಅದರ ಮುಂದಿನ ಸೆಪ್ಟೆಂಬರ್.”

“ಯಾಕೆ?”

“ಬರೋ ಸೆಪ್ಟೆಂಬರಿಗೆ ನಾನಿನ್ನೂ ತಯಾರಾಗಿರಲ್ಲ.”

ಪಾಪ, ಕಾಲೇಜಿನಲ್ಲಿ ಇನ್ನೂ ತಾನೇ ಪಾಠ ಹೇಳುತ್ತಿದ್ದೇನೆಂದು ತಿಳಿದಿದ್ದಾಳೆ ಎಂದುಕೊಂಡಳು ರೀನಾ. ಮರೆವಿನವರ ಮಾತಿಗೆ ಎದುರಾಡಬಾರದೆಂಬುದೂ ಅವಳ ಕೆಲಸದ ಪಾಠವೇ. ಆಗಲಿ ಎಂದಳು. ಕೊಟ್ಟ ಮಾತು ಎಂದು ಪಾಲಿಸಿದಳು ಕೂಡ.

ಜನವರಿಯಲ್ಲಿ ಮುದುಕಿ ತೀರಿಕೊಂಡಳು. ರೀನಾ ಹೆಸರು ಹೇಳಿಯೇ ಕೊನೆಯ ಸಲ ಮೈ ಒರೆಸಿದಳು. ಒಂದು ಗಾಡಿ ಬಂದು ಒಯ್ದಿತು. ಎಲ್ಲಿಗೆಂದು ಯಾರೂ ಹೇಳಲಿಲ್ಲ, ಊರಿನಲ್ಲಿ ಮಣ್ಣೂ ಆಗಲಿಲ್ಲ. ಆಮೇಲೆ ದೀಪ ಹತ್ತಲು ಶುರುವಾಯಿತು.

ಹೇಳಿದ ಸೆಪ್ಟೆಂಬರಿಗೆ ರೀನಾ ಮೂರನೇ ಸಲ ಅನಾಟಮಿಗೆ ಸೇರಿದಳು. ಹೊಸ ಮೇಷ್ಟ್ರು ಕರ್ಟಿಸ್, ದೂರದ ನಗರ ಡುಲೂತ್‌ನಿಂದ ಬಂದ ಸೌಮ್ಯ ಮನುಷ್ಯ. ಮೊದಲ ವಾರಗಳಲ್ಲಿ ಪ್ಲಾಸ್ಟಿಕ್ ಮೂಳೆಗಳಷ್ಟೇ. ಲೆಕ್ಕಕ್ಕೆ ಸಿಗದಂತೆ ಬಿಟ್ಟುಹೋಗಲು ಕೊಟ್ಟಿದ್ದ ಗಡುವೂ ದಾಟಿತು. ಅಕ್ಟೋಬರಿನಲ್ಲಿ ಒಳಕೋಣೆಯ ಬೀಗ ತೆಗೆದರು. ಉಕ್ಕಿನ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ದೇಹವೊಂದು ಮಲಗಿತ್ತು.

“ಇವರನ್ನು ದಾನಿ ಅಂತ ಕರೀತೀವಿ,” ಎಂದರು ಕರ್ಟಿಸ್. “ಹೆಸರು ನನಗೂ ಹೇಳಿಲ್ಲ. ಮುಖದ ಬಟ್ಟೆ ಯಾರೂ ತೆಗೀಬಾರ್ದು. ಇದು ಸಣ್ಣ ಊರು, ನಿಮ್ಮಲ್ಲಿ ಯಾರಿಗಾದ್ರೂ ಗುರುತು ಸಿಕ್ಕಿದ್ರೆ ತಕ್ಷಣ ಹೇಳಿ, ಹೊರಗೆ ಕಳಿಸ್ತೀನಿ.”

ಇರುವುದು ಒಂದೇ ಮೇಜು. ಹೊರಗೆ ಹೋಗುವುದೆಂದರೆ ಲ್ಯಾಬ್ ಇಲ್ಲ. ಲ್ಯಾಬ್ ಇಲ್ಲದಿದ್ದರೆ ಅನಾಟಮಿಯೂ ಇಲ್ಲ.

ಬಟ್ಟೆಯನ್ನು ಎಡಗೈಯಷ್ಟೇ ಕಾಣುವಂತೆ ಸರಿಸಿದರು. ಒಂದು ಅಂಗ ತೆರೆದು ಉಳಿದದ್ದೆಲ್ಲ ಮುಚ್ಚಿಡುವ ಆ ಕ್ರಮ ರೀನಾಳಿಗೆ ಚೆನ್ನಾಗಿ ಗೊತ್ತಿತ್ತು. ಕೈ ಬೂದುಬಣ್ಣಕ್ಕೆ ತಿರುಗಿತ್ತು. ಕಿರುಬೆರಳು ಕೊಂಕಿಕೊಂಡಿತ್ತು.

ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು ರೀನಾ. ಆದರೆ ಹೇಳಿದರೆ ಮೂರನೇ ಸಲವೂ ಹೋಯಿತು. ಇಷ್ಟು ವರ್ಷದಲ್ಲಿ ಕೈಗೆ ಬಂದ ತುತ್ತು ಎರಡು ಸಲ ಜಾರಿತ್ತು. ಬೆರಳು ಕೊಂಕಿದವರು ಊರಲ್ಲಿ ಒಬ್ಬರೇನಾ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು, ಕೈಗವಸು ತೊಟ್ಟು, ಸರದಿ ಬಂದಾಗ ಮೇಜಿನ ಬಳಿ ನಿಂತಳು.

ಚಾಕು ಹಿಡಿದು, ಇನ್ನೊಂದು ಕೈಯನ್ನು ಆ ಮಣಿಕಟ್ಟಿನ ಕೆಳಗೆ ತೂರಿಸಿದಳು. ಕೈಗೆ ಆ ತೂಕ ಗೊತ್ತಿತ್ತು. ಬಾಯಿ ತನ್ನ ಪಾಡಿಗೆ ತಾನು ಆಡಿಬಿಟ್ಟಿತು.

“ಮಿಸೆಸ್ ಟಾಲೆಫ್ಸನ್, ನಾನು ರೀನಾ. ಈಗ ನಿಮ್ಮ ಎಡಗೈ ಎತ್ತುತೀನಿ.”

ಕರ್ಟಿಸ್ ಮೆಲ್ಲಗೆ ಬಂದು ಅವಳ ಕೈಯಿಂದ ಚಾಕು ತೆಗೆದುಕೊಂಡರು. ಉಳಿದವರನ್ನು ಕಾಫಿಗೆ ಕಳಿಸಿ ಬಾಗಿಲು ಮುಚ್ಚಿದರು.

“ಗೊತ್ತಿತ್ತಾ ನಿಮಗೆ?”

“ಬೆರಳು ನೋಡಿದ ಕೂಡಲೇ ಗೊತ್ತಾಯ್ತು. ಹೇಳಲಿಲ್ಲ. ತಪ್ಪು ನಂದೇ ಸರ್. ಇವರಿಗೆ ಸ್ನಾನ ಮಾಡಿಸ್ತಿದ್ದವಳು ನಾನು. ಇದು ನನ್ನ ಮೂರನೇ ಸಲ.” ಅವಳಿಗೆ ಅಳು ಬಂತು. “ಸೋಪು ಹಾಕೋವಾಗ ಕೂಡ ನೋವಾಗುತ್ತೇನೋ ಅಂತ ಕೇಳ್ತಿದ್ದೆ. ಇವರನ್ನ ಹೇಗೆ ಕೊಯ್ಯಲಿ? ಹೋಗ್ತೀನಿ ಬಿಡಿ.”

ಕರ್ಟಿಸ್ ಚಾಕುವನ್ನು ತಟ್ಟೆಯಲ್ಲಿಟ್ಟರು.

“ಆ ನಿಯಮ ಇರೋದು ನಿಮ್ಮನ್ನ ಕಾಪಾಡೋಕೆ, ಶಿಕ್ಷೆಗಲ್ಲ. ಆಗಲ್ಲ ಅಂದ್ರೆ ಕಳಿಸಲೇಬೇಕು, ಅದು ಬಿಟ್ಟ ಹಾಗೇ ಲೆಕ್ಕ. ಆಗುತ್ತೆ ಅಂದ್ರೆ ತೀರ್ಮಾನ ನನ್ನದು, ನಾನು ಇರಿಸ್ಕೋತೀನಿ. ನೀವೇ ಹೇಳಿ.” ಅವರು ಬಟ್ಟೆಯ ಅಂಚು ಸರಿಮಾಡಿದರು. “ಒಂದು ಮಾತು. ದಾನಿಗಳು ಸಾಮಾನ್ಯವಾಗಿ ಎಲ್ಲಿಗೆ ಹೋಗ್ತಾರೋ ಅವರಿಗೇ ಗೊತ್ತಿರಲ್ಲ. ಇವರು ಮಾತ್ರ ಈ ಕಾಲೇಜಿಗೇ, ಈ ವರ್ಷದ ತರಗತಿಗೇ ಕಳಿಸಿ ಅಂತ ಹಟ ಹಿಡಿದಿದ್ರಂತೆ. ದೇಹ ಸಿದ್ಧವಾಗೋಕೆ ವರ್ಷಕ್ಕಿಂತ ಜಾಸ್ತಿ ಬೇಕು ನೋಡಿ, ಅದನ್ನೂ ಲೆಕ್ಕ ಹಾಕಿದ್ರಂತೆ.”

ರೀನಾಳಿಗೆ ಬಚ್ಚಲಿನಲ್ಲಿ ಮುದುಕಿ ಆಡಿದ್ದ ಮಾತು ನೆನಪಾಯಿತು.

ನಾನಿನ್ನೂ ತಯಾರಾಗಿರಲ್ಲ.

ಮರೆವಲ್ಲ. ಬಚ್ಚಲಿನ ಬಿಸಿನೀರಿನಲ್ಲಿ ಕೂತು, ರಸಾಯನಶಾಸ್ತ್ರ ಮೊದಲು, ಅನಾಟಮಿ ಕೊನೆಗೆ ಎಂದು ಪಾಠಗಳನ್ನು ಜೋಡಿಸುವಾಗ ಮುದುಕಿ ತನ್ನ ಸಾವನ್ನೂ ಆ ಸಾಲಿನಲ್ಲಿ ಒಂದು ಕಡೆ ಇಟ್ಟಿದ್ದಳು. ತಾನು ಬಂದು ಮಲಗುವ ಹೊತ್ತಿಗೆ ಸರಿಯಾಗಿ ಈ ಹುಡುಗಿ ಮೇಜಿನ ಬಳಿ ನಿಂತಿರಬೇಕು ಎಂದು. ಪ್ರೀತಿಗೆ ಇಂಥ ಮುಖವೂ ಇರುತ್ತದೆಂದು ರೀನಾಳಿಗೆ ಅದುವರೆಗೆ ಗೊತ್ತಿರಲಿಲ್ಲ. ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾಗಿ ಆ ಮುದುಕಿಯ ಮೇಲೆ ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ತಾನು ಖಂಡಿತ ಮೂರನೇ ಸಲವೂ ಓಡಿಹೋಗುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

“ಚಾಕು ಕೊಡಿ ಸರ್,” ಎಂದಳು.

ಉಳಿದವರು ಹಿಂದಿರುಗಿ ಮೇಜಿನ ಸುತ್ತ ನಿಂತರು. ರೀನಾ ಈ ಸಲ ಮುದುಕಿಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡಳು, ತನ್ನದನ್ನು ಬಾಯಿಬಿಟ್ಟು ಹೇಳಿದಳು. “ನಾನು ರೀನಾ. ನಿಮ್ಮ ಮಣಿಕಟ್ಟಿನ ಚರ್ಮ ತೆರೀತೀನಿ.” ತೆರೆದಳು. ಒಳಗೆ ತೆಳ್ಳಗಿನ ಬಿಳಿಯ ಎಳೆಗಳು ಅಕ್ಕಪಕ್ಕ ಮಲಗಿದ್ದವು.

“ಆ ಮೇಲಿನದು ಯಾವುದು?” ಕೇಳಿದರು ಕರ್ಟಿಸ್.

ರೀನಾಳ ಕಣ್ಣು ಮಂಜಾಗಿತ್ತು. “ನರ,” ಎಂದಳು.

ಕೈಗವಸಿನೊಳಗೆ, ಮಣಿಕಟ್ಟಿನ ಒಳಭಾಗದಲ್ಲಿ ಯಾರೋ ಚಿವುಟಿದರು. ಆ ನೋವು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಜಿನ ಮೇಲಿನ ಕೈ ಇದ್ದಲ್ಲೇ ಇತ್ತು. ಅವಳು ತೋಳಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಎಳೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು.

“ಅಲ್ಲ ಸರ್, ತಪ್ಪಾಯ್ತು. ಅದು ಸ್ನಾಯುವಿನ ಹುರಿ. ನರ ಅದರ ಪಕ್ಕದ್ದು, ಮಂಕಾಗಿರೋದು.”

ಕರ್ಟಿಸ್ ಸರಿ ಎಂದರು. ಈ ಸಲ ಅವಳ ಮಣಿಕಟ್ಟಿನಲ್ಲಿ ಏನೂ ಆಗಲಿಲ್ಲ. ಅವಳು ಮುಂದಿನದಕ್ಕೆ ಬಗ್ಗಿದಳು.

ಮರುದಿನ ಬೆಳಿಗ್ಗೆ ಸ್ನಾನದ ಹೊತ್ತಿಗೆ ಹನ್ನೆರಡನೇ ಕೋಣೆಯ ದೀಪ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಬೆವ್ ಶಿಲುಬೆಯ ಗುರುತು ಮಾಡಿಕೊಂಡು, “ಕೊನೆಗೂ ದಾರಿ ಸಿಕ್ಕಿತು ಬಿಡು,” ಎಂದಳು. ರೀನಾ ಟವೆಲುಗಳನ್ನು ಎದೆಗೊತ್ತಿಕೊಂಡು ಆ ಬಾಗಿಲ ಮುಂದೆ ನಿಂತಳು, ಆರಿದ ದೀಪವನ್ನು ನೋಡುತ್ತ ಬಹಳ ಹೊತ್ತು ಕಾದಳು.